ಮರೆಯುವಂಥ ಜಾಗವಲ್ಲ

ನೆನಪನ್ನು ನಂಬಬಾರದು ಎಂಬುದನ್ನು ಯಾರಿಂದ ಕಲಿತೆ ಎಂದು ಕೇಳಿದರೆ ನನಗೆ ಸರಿಯಾಗಿ ನೆನಪಿಲ್ಲ. ಎಂ.ಎ.ಯಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರಿಂದ ಇರಬೇಕು. ಇಲ್ಲವೇ ಹಾಸ್ಟೆಲಿನಲ್ಲಿ ನನ್ನ ಕೊಡೆಯನ್ನು ತನ್ನದೆಂದು ಕಣ್ಣಲ್ಲಿ ನೀರು ತಂದುಕೊಂಡು ವಾದಿಸಿದ ರೂಮ್‌ಮೇಟ್‌ನಿಂದ ಇರಬೇಕು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನ ನೆನಪು ಹೇಳುತ್ತಿತ್ತು. ಮೂರು ದಿನ ವಾದ ಮಾಡಿದ ಮೇಲೆ ನನಗೂ ಆ ಕೊಡೆ ಅವನದೇ ಇರಬಹುದು ಅನ್ನಿಸತೊಡಗಿತು. ಅಂದಿನಿಂದ ನಾನು ಇತರರ ನೆನಪನ್ನು ಅನುಮಾನಿಸುತ್ತೇನೆ, ನನ್ನದನ್ನು ಇನ್ನೂ ಹೆಚ್ಚು. ಇದನ್ನು ನಾನು ವಿನಯ ಎಂದುಕೊಂಡಿದ್ದೆ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಇಂಥವನು ಎಲ್ಲವನ್ನೂ ಬರೆದಿಡುತ್ತಾನೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಮೂಡಿಗೆರೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಹದಿನಾಲ್ಕು ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸಿತು. ಆಮೇಲೆ ಫೋನಿನಲ್ಲಿ ಬರೆದೆ. ಫೋನು ಒಂದು ದಿನ ನೀರಿನ ತೊಟ್ಟಿಗೆ ಬಿದ್ದು ನನ್ನ ಒಂದೂವರೆ ವರ್ಷವನ್ನು ತನ್ನೊಂದಿಗೆ ಮುಳುಗಿಸಿತು. ಕೊನೆಗೆ ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದ ವಸುಧಾ ಮೇಡಂ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕರುಣೆಯಿಂದ ದಾರಿ ತೋರಿಸಿದರು. "ಸರ್, ಬರೀ ಟೆಕ್ಸ್ಟ್ ಫೈಲಲ್ಲಿ ಬರೀರಿ. ದಿನಕ್ಕೊಂದು ಫೈಲು. ಕೋಡ್ ಎಡಿಟರ್ ಹಾಕ್ಕೊಡ್ತೀನಿ, ಪ್ರೋಗ್ರಾಂ ಬರಿಯೋರು ಬಳಸೋದು. ಬಣ್ಣ ಬಣ್ಣ ಕಾಣುತ್ತೆ, ಹೆದರ್ಬೇಡಿ, ಏನೂ ಆಗಲ್ಲ" ಎಂದರು. ಹಾಗೆ ಒಂದು ಸಾಲು ಪ್ರೋಗ್ರಾಂ ಬರೆಯಲು ಬಾರದ ನಾನು, ಪ್ರೋಗ್ರಾಂ ಬರೆಯುವವರ ಎಡಿಟರಿನಲ್ಲಿ ಕುಳಿತು ಕಾಫಿ ಗಿಡದ ಕಸಿ, ಜೀಪಿನ ಕ್ಲಚ್ಚು, ಮಂಡಿ ನೋವು ಎಲ್ಲವನ್ನೂ ಬರೆಯತೊಡಗಿದೆ. ಕಪ್ಪು ಪರದೆಯ ಮೇಲೆ ಹಸಿರು, ಕೇಸರಿ ಅಕ್ಷರ. ಮೊದಲ ದಿನ ಹಿಂದೆ ಬಂದು ನಿಂತ ಹೆಂಡತಿ, "ಎಂತ ರೀ ಇದು, ಆಸ್ಪತ್ರೆಲಿ ಎದೆಗೆ ವೈರ್ ಹಾಕಿ ನೋಡೋ ಟಿವಿ ಇದ್ದಂಗಿದೆ" ಎಂದಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ನಿವೃತ್ತನಾಗಿ ಬಾಳೂರಿನ ಹತ್ತಿರದ ನಮ್ಮ ನಾಲ್ಕೆಕರೆ ತೋಟಕ್ಕೆ ಬಂದು ನೆಲೆಸಿದ ಮೇಲೂ ನಿಲ್ಲಿಸಲಿಲ್ಲ.

ಬರೆದದ್ದನ್ನು ಹುಡುಕಬೇಕಾದ ಸಂದರ್ಭ ಮಾತ್ರ ಬಂದಿರಲಿಲ್ಲ. ಬರೆದಾಯಿತಲ್ಲ ಎಂಬ ನೆಮ್ಮದಿಯೇ ಸಾಕಾಗಿತ್ತು. ದೇವರ ಮುಂದೆ ದೀಪ ಹಚ್ಚಿದವನು ದೇವರು ಎದ್ದು ಬಂದು ಮಾತಾಡಲಿ ಎಂದು ಕಾಯುತ್ತಾನೆಯೇ?

ಆ ಸಂದರ್ಭ ಕಳೆದ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಬಂತು. ಅಡುಗೆಮನೆಯ ನಲ್ಲಿ ಎರಡು ಸಲ ಕೆಮ್ಮಿ, ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ನಮ್ಮ ಮನೆಗೆ ನೀರು ಗುಡ್ಡದ ಮೇಲಿನ ಒರತೆಯಿಂದ ಬರುತ್ತದೆ. ಕರಿ ಪೈಪು ತೋಟದೊಳಗೆ ನೆಲದಡಿಯಲ್ಲಿ ಇಳಿದು ಬರುತ್ತದೆ. ಮಧ್ಯದಲ್ಲಿ ಒಂದು ವಾಲ್ವ್ ಇದೆ. ಐದಾರು ವರ್ಷಕ್ಕೊಮ್ಮೆ ಅಲ್ಲಿ ಕೆಸರು ಕಟ್ಟುತ್ತದೆ, ಬಿಚ್ಚಿ ತೆಗೆದರೆ ನೀರು ಬರುತ್ತದೆ. ಹಿಂದೆ ಅದು ನೆಲದ ಮೇಲೆಯೇ ಇತ್ತು. ಕಾಟಿಗಳು, ಅಂದರೆ ಕಾಡುಕೋಣಗಳು, ತುಳಿದು ಎರಡು ಸಲ ಮುರಿದ ಮೇಲೆ, ಆರು ವರ್ಷದ ಕೆಳಗೆ, ಗುಂಡಿ ತೆಗೆದು ಅದನ್ನು ಹೂತು, ಮೇಲೆ ಚಪ್ಪಡಿ ಕಲ್ಲು ಮುಚ್ಚಿ, ಮಣ್ಣು ಎಳೆದಿದ್ದೆವು. ಅಂದು ಅಲ್ಲಿದ್ದವರು ಮೂವರು: ನಾನು, ನನ್ನ ಹೆಂಡತಿ, ಸುಬ್ಬಣ್ಣ. ಸುಬ್ಬಣ್ಣ ದೊಡ್ಡ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವರು. ಈಗ ಮನೆಯಲ್ಲಿ ಕೂರಲಾರದೆ ನಮ್ಮ ತೋಟಕ್ಕೆ ಬಂದು, ನನಗೆ ಬೇಸಾಯ ಬರುವುದಿಲ್ಲ ಎಂಬುದನ್ನು ದಿನವೂ ಮರ್ಯಾದೆಯಿಂದ ತಿಳಿಸಿ ಹೋಗುತ್ತಾರೆ.

ಆರು ವರ್ಷದಲ್ಲಿ ಒಣ ಎಲೆಯ ದರಗು ಬಿದ್ದು, ಹುಲ್ಲು ಬೆಳೆದು, ಜಾಗದ ಗುರುತೇ ಇರಲಿಲ್ಲ. ಮೂವರೂ ತೋಟಕ್ಕೆ ಹೋಗಿ ನಿಂತೆವು.

"ಆ ಹಲಸಿನ ಮರದ ಬುಡ, ಮೇಷ್ಟ್ರೆ. ನಾನೇ ಗುಂಡಿ ತೆಗ್ದಿದ್ದು, ನಂಗೊತ್ತಿಲ್ವಾ?" ಎಂದರು ಸುಬ್ಬಣ್ಣ.

ನನ್ನ ಕಣ್ಣ ಮುಂದೆ ಬಂದದ್ದು ಕಾಫಿಯ ನೆರಳಿಗೆ ನೆಟ್ಟ, ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಮರ. ಆದರೆ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬದ ಸಿಲ್ವರ್ ಮರವೇ ಇಲ್ಲ.

ನನ್ನ ಹೆಂಡತಿ ಇಬ್ಬರನ್ನೂ ನೋಡಿ, "ಬಸರಿ ಮರದ ಕೆಳಗೆ. ಅವತ್ತು ನಿಮಗೆ ಕಾಫಿ ತಂದು ಬೇರಿನ ಮೇಲೆ ಇಡಕ್ಕೆ ಹೋಗಿ, ಚಗಳಿ ಇರುವೆ ಕೈ ತುಂಬ ಹತ್ತಿ ಕಚ್ಚಿ ಹಾಕಿತ್ತು. ಎರಡು ದಿನ ಊದಿತ್ತಲ್ಲ" ಎಂದಳು.

ಇಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ನೋವಿನ ಜೊತೆ ಸೇರಿಕೊಂಡ ನೆನಪು ಬಹಳ ಗಟ್ಟಿಯಾಗಿರುತ್ತದೆ, ಆದರೆ ಗಟ್ಟಿಯಾಗಿರುವುದೂ ಸರಿಯಾಗಿರುವುದೂ ಒಂದೇ ಅಲ್ಲ, ಇರುವೆ ಕಚ್ಚಿದ್ದು ನಿಜವಿರಬಹುದು, ಆದರೆ ಅದು ಅದೇ ದಿನ, ಅದೇ ಮರ ಎಂಬುದಕ್ಕೆ ಪುರಾವೆ ಏನು ಎಂದು ಬಿಸಿಲಿನಲ್ಲಿ ನಿಂತು ವಿವರಿಸಿದೆ. ಅವಳು ಖಾಲಿ ಕೊಡಪಾನವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡಳು. "ಪುರಾವೆ ಬೇಕಾದ್ರೆ ಇನ್ನೊಂದ್ಸಲ ಕೈ ಇಟ್ಟು ಬರ್ತೀನಿ" ಎಂದಳು.

ಮೂರು ಕಡೆಯೂ ಅಗೆದು ನೋಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಅದು ಹೂಮಳೆಗೆ ಕಾಫಿ ಗಿಡಗಳು ಮೊಗ್ಗು ಹಿಡಿದು ಕಾಯುವ ಕಾಲ. ಆಗ ಬೇರಿಗೆ ಗುದ್ದಲಿ ತಾಗಿಸುವವನನ್ನು ಇಲ್ಲಿ ಯಾರೂ ಕ್ಷಮಿಸುವುದಿಲ್ಲ. ಸುಬ್ಬಣ್ಣನೂ ತಲೆಯಾಡಿಸಿದರು: "ಅಗಿಯೋದಾದ್ರೆ ಒಂದೇ ಕಡೆ ಅಗೀಬೇಕು. ಯಾವ ಕಡೆ ಅಂತ ನೀವೇ ಹೇಳಿ." ಆಗ ನಾನು ಘನವಾಗಿ, "ನೀವ್ಯಾರೂ ನೆನಪು ಮಾಡ್ಕೊಳ್ಳೋದು ಬೇಡ. ನಾನು ಅವತ್ತೇ ಬರೆದಿಟ್ಟಿದ್ದೇನೆ. ಹುಡುಕಿ ಹೇಳ್ತೇನೆ" ಎಂದೆ.

"ಗುರುವಾರದೊಳಗೆ ಹೇಳಿ. ಮಹಿಳಾ ಮಂಡಳಿ ಮೀಟಿಂಗು ಈ ಸಲ ನಮ್ಮನೇಲಿ. ಇಪ್ಪತ್ತೈದು ಜನ. ಎರಡು ವರ್ಷದಿಂದ ಎಲ್ಲರ ಮನೇಲೂ ಉಂಡ್ಕೊಂಡು ಬಂದಿದೀನಿ. ನಮ್ಮನೆ ಸರದಿ ಬಂದಾಗ ನಲ್ಲಿಲಿ ನೀರಿಲ್ಲ ಅಂತ ಹೇಳಕ್ಕೆ ನಂಗಾಗಲ್ಲ" ಎಂದು ನನ್ನ ಹೆಂಡತಿ ಕೆಳಗಿನ ಗದ್ದೆಯ ಬಾವಿಗೆ ನೀರು ತರಲು ಹೋದಳು. ಆ ಬಾವಿ ನೂರಿಪ್ಪತ್ತು ಮೆಟ್ಟಿಲು ಕೆಳಗಿದೆ. ಎಣಿಸಿದ್ದು ಅವಳು. ಅಲ್ಲಿಂದ ಕೊಡ ಹೊತ್ತು ಹತ್ತುವಾಗ ಎಣಿಸದೆ ವಿಧಿಯಿಲ್ಲವಂತೆ.

ಎಡಿಟರ್ ತೆರೆದು ಹುಡುಕಲು ಕುಳಿತಾಗ ಮೊದಲ ಸತ್ಯ ತಿಳಿಯಿತು. ನಾನು ಒತ್ತುತ್ತಿದ್ದ ಕೀ ತೆರೆದಿಟ್ಟ ಒಂದು ಫೈಲಿನೊಳಗೆ ಮಾತ್ರ ಹುಡುಕುತ್ತದೆ. ನನ್ನ ಬಳಿ ಇದ್ದದ್ದು ಹನ್ನೊಂದು ವರ್ಷದ, ದಿನಕ್ಕೊಂದರಂತೆ ಫೈಲುಗಳು. ವಸುಧಾ ಮೇಡಂ ಈಗ ಚಿಕ್ಕಮಗಳೂರಿನಲ್ಲಿದ್ದಾರೆ. ಫೋನ್ ಮಾಡಬೇಕು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಈಶಾನ್ಯ ಮೂಲೆಯಲ್ಲಿ ಮಾತ್ರ, ಅದೂ ಸ್ವಲ್ಪ ಎಡಕ್ಕೆ ವಾಲಿ ನಿಂತರೆ. ಲ್ಯಾಪ್‌ಟಾಪನ್ನು ಅಲ್ಲಿಗೆ ಒಯ್ಯುವಂತಿಲ್ಲ. ಅದರ ಬ್ಯಾಟರಿ ಸತ್ತು ಮೂರು ವರ್ಷವಾಗಿದೆ, ಹಗ್ಗ ಹಾಕಿ ಕಟ್ಟಿದ ಎಮ್ಮೆಯಂತೆ ಪ್ಲಗ್ಗಿನ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ವಿಷಯ ಹೀಗೆ ನಡೆಯಿತು: ನಾನು ಕಣದ ಮೂಲೆಯಲ್ಲಿ ವಾಲಿ ನಿಂತು ಮೇಡಂ ಹೇಳಿದ ಒಂದು ಸೂಚನೆಯನ್ನು ಕೇಳುವುದು, ಅದನ್ನು ಬಾಯಲ್ಲಿ ಜಪಿಸುತ್ತ ಒಳಗೆ ಓಡುವುದು, ಹೊಸಿಲು ದಾಟುವಷ್ಟರಲ್ಲಿ ಮರೆಯುವುದು, ಮತ್ತೆ ಓಡುವುದು. ನೆನಪನ್ನು ನಂಬದವನಿಗೆ ನಲವತ್ತು ಹೆಜ್ಜೆಯ ಪರೀಕ್ಷೆ. ಆಮೇಲೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಬೆವರಿನಲ್ಲಿ ಅದೂ ಅಳಿಸಿತು. ಕಣದಲ್ಲಿ ಕಾಫಿ ಬೀಜ ಎಳೆಯುತ್ತಿದ್ದ ಸುಬ್ಬಣ್ಣ ನನ್ನ ನಾಲ್ಕನೆಯ ಓಟ ನೋಡಿ, "ಮೇಷ್ಟ್ರೆ, ಈ ನಡಿಗೇನ ಒರತೆ ಕಡೆ ನಡೆದಿದ್ರೆ ಇಷ್ಟೊತ್ತಿಗೆ ಕೊಡದಲ್ಲೇ ಟ್ಯಾಂಕ್ ತುಂಬ್ತಿತ್ತು ಮಾರಾಯ್ರೆ" ಎಂದರು.

ಎಲ್ಲ ಫೈಲುಗಳನ್ನೂ ಒಟ್ಟಿಗೆ ಹುಡುಕಲು ಬೇರೆಯೇ ಒಂದು ಟೂಲು ಬೇಕಂತೆ. ಅದನ್ನು ಫೋನಿಗೆ ಇಳಿಸಿಕೊಂಡು, ವೈರಿನಲ್ಲಿ ಲ್ಯಾಪ್‌ಟಾಪಿಗೆ ದಾಟಿಸಿ, ಎಡಿಟರಿಗೆ ಹುಡುಕು ಎಂದೆ. ಟೂಲು ಸಿಗುತ್ತಿಲ್ಲ ಎಂದಿತು. ಹುಡುಕುವ ಸಾಧನವನ್ನೇ ಅದಕ್ಕೆ ಹುಡುಕಲು ಆಗಲಿಲ್ಲ. ಟೂಲು ಎಲ್ಲಿದೆ ಎಂದು ನಾನೇ ಅದಕ್ಕೆ ಬರೆದು ತಿಳಿಸಬೇಕಿತ್ತು. ಎಲ್ಲಿ ಇಟ್ಟಿದ್ದೆ? ಹತ್ತು ನಿಮಿಷದ ಹಿಂದೆ ನನ್ನ ಕೈಯಾರೆ ಇಟ್ಟದ್ದು, ನೆನಪಿಲ್ಲ. ಸೋಮವಾರ ಅಲ್ಲಿಗೆ ಮುಗಿಯಿತು. ಹೆಂಡತಿ ಒಂಬತ್ತು ಕೊಡ ನೀರು ಹೊತ್ತಳು. ಎರಡು ಕೊಡ ನಾನೂ ಹೊತ್ತೆ, ಅದನ್ನು ಆ ದಿನದ ಫೈಲಿನಲ್ಲಿ ಬರೆದಿದ್ದೇನೆ.

ಮಂಗಳವಾರ ಟೂಲು ಎಡಿಟರಿಗೆ ಸಿಕ್ಕಿತು. 'ವಾಲ್ವ್' ಎಂದು ಬರೆದು ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು, ಆದರೆ ಎಲ್ಲ ಈಚಿನ ವರ್ಷಗಳದ್ದು. ಹಳೆಯದು ಒಂದೂ ಇಲ್ಲ. ಮತ್ತೆ ಕಣಕ್ಕೆ ಓಡಿದೆ. ಮೇಡಂ ಸ್ವಲ್ಪ ಹೊತ್ತು ಯೋಚಿಸಿ, "ಸರ್, ಇದನ್ನ ನೋಡ್ಬೇಡ ಅಂತ ಅದಕ್ಕೆ ಎಲ್ಲಾದ್ರೂ ಬರ್ದಿದೀರಾ? ಹಾಗೆ ಬರ್ದಿಟ್ರೆ ಅದು ಆ ಫೋಲ್ಡರ್ ಕಡೆ ತಿರುಗಿನೂ ನೋಡಲ್ಲ" ಎಂದರು. ನಾನ್ಯಾಕೆ ಬರೆಯಲಿ ಎಂದೆ. ಒಳಗೆ ಬಂದು ನೋಡಿದರೆ ಬರೆದಿದ್ದೆ. ಹಳೆಯ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬಿ, ಎಡಿಟರ್ ನಿಧಾನವಾಗುತ್ತದೆ ಎಂದು ಯಾರೋ ಹೇಳಿದ್ದು ಕೇಳಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ನಾನೇ ಆಜ್ಞೆ ಕೊಟ್ಟಿದ್ದೆ. ಎಲ್ಲರೂ ಸುಮ್ಮನೆ ಮರೆಯುತ್ತಾರೆ. ನಾನು ಮರೆಯಬೇಕಾದದ್ದನ್ನು ಲಿಖಿತವಾಗಿ ಕೊಟ್ಟು, ಕೊಟ್ಟದ್ದನ್ನೂ ಮರೆತಿದ್ದೆ. ಆ ಒಂದು ಸಾಲು ಅಳಿಸಿದೆ. ಹನ್ನೊಂದೂ ವರ್ಷ ಬಾಗಿಲು ತೆರೆದು ನಿಂತಿತು.

ಆಗ ನನ್ನ ಬರವಣಿಗೆಯನ್ನು ಮೊದಲ ಬಾರಿಗೆ ಓದಿದೆ. 'ವಾಲ್ವ್' ಎಂದರೆ ಬಂದದ್ದು: "ವಾಲ್ವ್ ನೋಡಬೇಕು." "ಇವತ್ತೂ ವಾಲ್ವ್ ನೋಡಲಿಲ್ಲ." "ನಾಳೆ ಖಂಡಿತ ವಾಲ್ವ್." ಹೀಗೆ ನಾಲ್ಕು ತಿಂಗಳು. 'ಪೈಪು' ಎಂದರೆ ನೂರಾರು ಸಾಲು, ಮುಕ್ಕಾಲು ಪಾಲು "ಪೈಪು ಮಾಮೂಲು." ಈ ಮಾಮೂಲು ಎಂಬುದು ನನಗೆ ಅಪ್ಪನಿಂದ ಬಂದದ್ದು. ಅವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತಮ್ಮ ದಿನಚರಿಯಲ್ಲಿ ನಲವತ್ತು ವರ್ಷ ಬರೆದದ್ದು ಬಹುತೇಕ ಒಂದೇ ಸಾಲು: "ಕೆಲಸ ಮಾಮೂಲು, ಜಾಗ ನಿನ್ನೆಯದೇ." ತೋಟದವರ ಮಾತೇ ಹಾಗೆ. ಆಚೆ ಪಟ್ಟೆ, ಕೆಳಗಿನದು, ಹೋದ ಸಲದ್ದು, ಅವರು ಹೇಳಿದ್ದು. ಬರೆಯುವವನಿಗೂ ಕೇಳುವವನಿಗೂ ಎಲ್ಲ ಗೊತ್ತಿರುವ ಲೋಕ ಅದು. ವಿಶ್ವವಿದ್ಯಾಲಯದಲ್ಲಿ ಪುರಾವೆಯ ಬಗ್ಗೆ ಎರಡು ವರ್ಷ ಓದಿ ಬಂದವನು ಹನ್ನೊಂದು ವರ್ಷ ಅದೇ ಭಾಷೆಯಲ್ಲಿ ಬರೆದಿದ್ದೆ. "ಮೊನ್ನೆಯ ಜಾಗದಲ್ಲೇ ಮುಂದುವರಿಸಿದೆವು." ಮೊನ್ನೆಯ ಫೈಲು ತೆರೆದರೆ, "ಗೊತ್ತಿರುವ ಜಾಗದಲ್ಲಿ ಶುರು."

ಬುಧವಾರ ಮಧ್ಯಾಹ್ನದ ಹೊತ್ತಿಗೆ ನಾನು 'ಗುಂಡಿ', 'ಕಾಟಿ', 'ಹಲಸು', 'ಸಿಲ್ವರ್', 'ಬಸರಿ' ಎಲ್ಲ ಹುಡುಕಿ ಸುಸ್ತಾಗಿದ್ದೆ. ಎರಡು ಪದಗಳ ನಡುವೆ ಏನಿದ್ದರೂ ಸರಿ ಎಂದು ತಿಳಿಸಲು ಚುಕ್ಕಿ, ನಕ್ಷತ್ರ ಇಟ್ಟು ಹುಡುಕುವ ವಿದ್ಯೆಯನ್ನೂ ಮೇಡಂ ಹೇಳಿಕೊಟ್ಟಿದ್ದರು. ನನ್ನ ನಕ್ಷತ್ರ ಸರಿ ಇರಲಿಲ್ಲ, ಎಲ್ಲ ಫೈಲಿನ ಎಲ್ಲ ಸಾಲುಗಳೂ ಒಮ್ಮೆಲೇ ಎದ್ದು ಬಂದವು. ಹಿಂದೆ ಕೊಡಪಾನ ಇಳಿಸಿದ ಸದ್ದಾಯಿತು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ನಿಂತಿದ್ದಳು. ಅವಳ ಅಂಗೈ ಕೆಂಪಾಗಿತ್ತು. ನಾನು ತಲೆ ತಗ್ಗಿಸಿದೆ. ಇಷ್ಟು ಹೊತ್ತೂ ಅವಳು ಒಂದು ಬಿರುನುಡಿ ಆಡಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು.

"ಚಗಳಿ ಅಂತ ಹುಡುಕಿ ನೋಡಿದ್ರಾ?" ಎಂದಳು.

ನೋಡಿರಲಿಲ್ಲ. ಇರುವೆಯನ್ನು ನಾನು ಪುರಾವೆಯ ಪಟ್ಟಿಗೇ ಸೇರಿಸಿರಲಿಲ್ಲ. ಬರೆದು ಒತ್ತಿದೆ. ಮೂರು ದಿನದಲ್ಲಿ ಮೊದಲ ಬಾರಿಗೆ ಒಂದೇ ಒಂದು ಉತ್ತರ ಬಂತು. ಆರು ವರ್ಷದ ಹಿಂದಿನ ಏಪ್ರಿಲ್ ತಿಂಗಳಿನದು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ:

"ಅಂತೂ ಇವತ್ತು ಅದನ್ನು ಹೂತಿಟ್ಟೆವು. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಎಳೆದಾಯಿತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇವಳ ಕೈಗೆ ಚಗಳಿ ಕಚ್ಚಿ ಊದಿದೆ. ಮರೆಯುವಂಥ ಜಾಗವಲ್ಲ, ಆದ್ದರಿಂದ ಬರೆಯುತ್ತಿಲ್ಲ."

ಕಿಟಕಿಯಾಚೆ ನಿಂತು ಕೇಳುತ್ತಿದ್ದ ಸುಬ್ಬಣ್ಣ ಮೊದಲು ಬಾಯಿ ಬಿಟ್ಟರು. "ಇದನ್ನ ಪೋಲೀಸ್ನೋರು ಓದಿದ್ರೆ ಮೂರು ಜನಾನೂ ಒಳಗೆ, ಮೇಷ್ಟ್ರೆ." ನನ್ನ ಹೆಂಡತಿ ಗೋಡೆಗೆ ಒರಗಿ ನಗತೊಡಗಿದಳು. ನಗು ನಿಂತ ಮೇಲೆ, ಹಂಗಿಸುವ ದನಿಯಲ್ಲಿ ಅಲ್ಲ, ಸುಮ್ಮನೆ ಹೇಳಿದಳು: "ಮರೆಯುವಂಥ ಜಾಗ ಅಲ್ಲ ಅಂತ ಸರಿಯಾಗೇ ಬರ್ದಿದೀರಲ್ಲ. ನಾನು ಮರ್ತಿಲ್ಲ ನೋಡಿ."

ಅದೇ ದಿನ, ಅದೇ ಇರುವೆ. ನಾನು ಕೇಳಿದ್ದ ಪುರಾವೆ ನನ್ನ ಕೈಬರಹದಲ್ಲೇ ಇತ್ತು, ಅಥವಾ ನನ್ನ ಕೈಬೆರಳಚ್ಚಿನಲ್ಲಿ. ಮೂವರೂ ಬಸರಿ ಮರದ ಕೆಳಗೆ ಹೋದೆವು. ಅವಳು ಬುಡದಿಂದ ಮನೆಯ ಕಡೆಗೆ ನಡೆದು ಹೋಗಿ ಒಂದು ಕಡೆ ಕಾಲೂರಿ ನಿಂತಳು. ಸುಬ್ಬಣ್ಣ ಹಾರೆಯನ್ನು ಮೆಲ್ಲನೆ ಇಳಿಸಿದರು. ಒಂದಡಿ ಹೋಗುವಷ್ಟರಲ್ಲಿ ಕಲ್ಲಿಗೆ ತಾಗಿದ ಸದ್ದು ಬಂತು. ಒಂದು ಬೇರೂ ಕಡಿಯಲಿಲ್ಲ. ವಾಲ್ವ್ ಬಿಚ್ಚಿದರೆ ಮುಷ್ಟಿಯಷ್ಟು ಕೆಸರು, ಅದರೊಳಗೆ ಒಂದು ಸಣ್ಣ ಏಡಿ, ನಮ್ಮನ್ನೆಲ್ಲ ನೋಡಿ ಬೇಸರದಿಂದ ಪಕ್ಕಕ್ಕೆ ಸರಿಯಿತು. ಅಡುಗೆಮನೆಯ ನಲ್ಲಿ ಮತ್ತೆ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಯಿತು. ಗುರುವಾರ ಇಪ್ಪತ್ತೈದು ಹೆಂಗಸರು ಬಂದು, ಕಡುಬು ತಿಂದು, ಕಾಫಿ ಕುಡಿದು, ನಲ್ಲಿಯ ಕೆಳಗೆ ಧಾರಾಳವಾಗಿ ಕೈ ತೊಳೆದು ಹೋದರು. ಹೋಗುವಾಗ ಒಬ್ಬರು ನನ್ನನ್ನು ನೋಡಿ, "ಕಂಪ್ಯೂಟ್ರಲ್ಲಿ ನೀರು ಹುಡುಕಿದ್ರಂತೆ?" ಎಂದು ಗೌರವದಿಂದಲೇ ಕೇಳಿದರು. ಹೌದು ಎಂದೆ. ವಿವರಿಸಲು ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಹೆಂಡತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಇಷ್ಟು ಚೆನ್ನಾಗಿ ಹುಡುಕುತ್ತದಲ್ಲ, ಏನೇನು ಸಿಗುತ್ತದೆ ನೋಡೋಣ ಎಂದಳು. 'ಜೀಪು' ಹುಡುಕಿದೆವು, ಪುಟ ಉರುಳಿಸಿದಷ್ಟೂ ಬಂತು. 'ಮಂಡಿ ನೋವು', ಅದಕ್ಕಿಂತ ಹೆಚ್ಚು. 'ಸುಬ್ಬಣ್ಣ', ಸಾಕಷ್ಟು, ಬಹುಪಾಲು ದೂರು. "ನನ್ನ ಹೆಸರು ಹಾಕಿ" ಎಂದಳು. ಹಾಕಿದೆ.

ಸೊನ್ನೆ.

ಟೂಲು ಕೆಟ್ಟಿದೆ ಎಂದುಕೊಂಡು ಎರಡನೆಯ ಸಲ ಒತ್ತಿದೆ. ಕೆಟ್ಟಿರಲಿಲ್ಲ. ಹನ್ನೊಂದು ವರ್ಷದ ಪ್ರತಿ ಫೈಲಿನಲ್ಲೂ ಅವಳಿದ್ದಾಳೆ: ಇವಳು, ಮನೆಯವಳು, ಅಡುಗೆಮನೆ ಕಡೆಯಿಂದ ಬಂದ ಸಲಹೆ. ಹೆಸರಿಲ್ಲ. ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರನ್ನು ಬರೆಯುವುದು ಮದುವೆಯ ಕಾಗದದಲ್ಲಿ, ಆಮೇಲೆ ರೇಷನ್ ಕಾರ್ಡಿನಲ್ಲಿ. ಅಪ್ಪನ ದಿನಚರಿಯಲ್ಲೂ ಅಮ್ಮನ ಹೆಸರು ಇರಲಾರದು. ಆದರೆ ಅಪ್ಪ ತಾವು ಸಂದೇಹವಾದಿ ಎಂದು ಎಲ್ಲೂ ಹೇಳಿಕೊಂಡಿರಲಿಲ್ಲ. "ಹೋಗ್ಲಿ ಬಿಡಿ. ಮರೆಯುವಂಥ ಹೆಸರಲ್ಲ, ಅದಕ್ಕೇ ಬರ್ದಿಲ್ಲ" ಎಂದು ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ನೀರು ಜೋರಾಗಿ ಬಿಟ್ಟುಕೊಂಡಳು.

ನಾನು ಆ ದಿನದ ಫೈಲು ತೆರೆದು ಈ ಸಲವಾದರೂ ಜಾಗವನ್ನು ಸ್ಪಷ್ಟವಾಗಿ ಬರೆಯೋಣ ಎಂದು ಕುಳಿತೆ: "ವಾಲ್ವ್ ಇರುವುದು ಬಸರಿ ಮರದ ಬುಡದಿಂದ ಮನೆಯ ದಿಕ್ಕಿಗೆ ಆರು ಹೆಜ್ಜೆ." ಹೆಮ್ಮೆಯಿಂದ ಸುಬ್ಬಣ್ಣನಿಗೆ ಓದಿ ಹೇಳಿದೆ. ಅವರು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಯಾರ ಹೆಜ್ಜೆ ಮೇಷ್ಟ್ರೆ? ನಿಮ್ಮದು ಉದ್ದ, ನಂದು ಈಗೀಗ ಗಿಡ್ಡ" ಎಂದರು. ಆ ಪ್ರಶ್ನೆ ನ್ಯಾಯವಾದದ್ದು. ಬುಧವಾರ ಅಲ್ಲಿಗೆ ನಡೆದವಳು ಯಾರು ಎಂದು ಯೋಚಿಸಿ, ಒಂದು ಪದ ಸೇರಿಸಿ, ಸಾಲನ್ನು ತಿದ್ದಿದೆ: "ಕಮಲಾಕ್ಷಿಯ ಹೆಜ್ಜೆಯಲ್ಲಿ ಆರು." ಆಮೇಲೆ ಆ ಹೆಸರನ್ನು ಹುಡುಕಿದೆ. ಒಂದು ಸಿಕ್ಕಿತು.

ಅವಳನ್ನು ಕರೆದು ತೋರಿಸಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಗ್ಗಿ ಓದಿದಳು, ಇನ್ನೊಮ್ಮೆ ಓದಿದಳು.

"ಹನ್ನೊಂದು ವರ್ಷಕ್ಕೆ ಒಂದ್ಸಲ, ಅದೂ ಅಳತೆ ಕೋಲಾಗಿ" ಎಂದಳು. ಸಾಲಿನ ಮೇಲೆ ಬೆರಳಿಟ್ಟು, "ಮತ್ತೆ, ಅದು ಆರಲ್ಲ, ಏಳು" ಎಂದಳು.

ಈ ಸಲ ನಾನು ಪುರಾವೆ ಕೇಳಲಿಲ್ಲ. ಆರನ್ನು ಅಳಿಸಿ ಏಳು ಮಾಡಿದೆ.